ಸವಾರನಿಗೆ ಸರ್ವಋತುಗಳ ಉಡುಪು

ಉಡುಪಿನಿಂದ ಮನುಷ್ಯನಿಗೆ ಮೂರು ಪ್ರಯೋಜನಗಳುಂಟೆಂದು ಹಿರಿಯರು ಹೇಳುತ್ತ ಬಂದಿರುವರು. ಮೊದಲನೆಯದು ಮಾನರಕ್ಷಣೆ, ಎರಡನೆಯದು ಶೀತೋಷ್ಣಗಳ ನಿವಾರಣೆ, ಮೂರನೆಯದು ಅಲಂಕಾರ. ಮೋಟಾರು ಸೈಕಲ್ಲು, ಸ್ಕೂಟರುಗಳು ನಮ್ಮ ಮನೆಗಳ ಅಂಗಳವನ್ನು ಸೇರಿದ ಮೇಲೆ ಈ ಪಟ್ಟಿಗೆ ನಾಲ್ಕನೆಯದೊಂದನ್ನು ಸೇರಿಸಬೇಕಾಗಿದೆ, ಅದು ದೇಹರಕ್ಷಣೆ. ಬೆಳಗಾದರೆ ಮಗನು ಕಚೇರಿಗೆ, ಸೊಸೆಯು ಬ್ಯಾಂಕಿಗೆ, ಮೊಮ್ಮಗಳು ಕಾಲೇಜಿಗೆ ಎರಡು ಗಾಲಿಗಳ ಮೇಲೆ ಹೊರಡುವರು. "ಜೋಪಾನವಾಗಿ ಹೋಗಿ ಬಾ" ಎಂದು ಮನೆಯ ಹಿರಿಯರು ಬಾಗಿಲಲ್ಲಿ ನಿಂತು ಹೇಳುವರು. ಆ ಜೋಪಾನವು ಬಾಯಿಮಾತಿನಲ್ಲಿ ಮಾತ್ರ ಉಳಿಯದೆ ಹೊರಟವರ ಮೈಮೇಲೆಯೂ ಇರತಕ್ಕದ್ದು. ಅದನ್ನು ಆರಿಸಿಕೊಳ್ಳುವ ಬಗೆಯನ್ನು ಗೃಹಸ್ಥರಾದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಚಾರವೇನೋ ಹೊಸದಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ತನುತ್ರ, ವರ್ಮ, ಕವಚ ಎಂಬ ಪದಗಳು ನೆನಪಿರಬಹುದು. ತನುವನ್ನು ಕಾಪಾಡುವುದು ತನುತ್ರ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಆಯುಧಾಗಾರದ ಅಧ್ಯಕ್ಷನು ಸಿದ್ಧವಾಗಿಡಿಸಬೇಕಾದ ಕವಚಗಳ ಪಟ್ಟಿಯೇ ಇದೆ. ಕಬ್ಬಿಣದ ಬಲೆಯಂತಹ ಲೋಹಜಾಲಿಕೆಯುಂಟು, ನೂಲಿನದುಂಟು, ಖಡ್ಗಮೃಗ, ಆನೆ ಮೊದಲಾದವುಗಳ ತೊಗಲು, ಗೊರಸು, ಕೊಂಬುಗಳಿಂದಾದುವೂ ಉಂಟು. ತಲೆಗೆ ಶಿರಸ್ತ್ರಾಣ, ಕೊರಳಿಗೆ ಕಂಠತ್ರಾಣ ಎಂದು ಅಂಗಾಂಗಗಳಿಗೆ ಬೇರೆ ಬೇರೆ ಹೆಸರುಗಳಿವೆ. ಯಾವ ಅಂಗಕ್ಕೆ ಎಂತಹ ಪೆಟ್ಟು, ಅದಕ್ಕೆ ಎಂತಹ ಹೊದಿಕೆ ಎಂದು ವಿಂಗಡಿಸಿ ನೋಡುವ ಈ ಕ್ರಮವೇ ಇಂದಿಗೂ ಸರಿಯಾದ ಕ್ರಮ. ಶತ್ರು ಮಾತ್ರ ಬೇರೆ. ಅಂದಿನವನಿಗೆ ಬಾಣ, ಇಂದಿನವನಿಗೆ ಡಾಂಬರು.

ಈ ಶತ್ರುವನ್ನು ಅಲ್ಪವೆಂದು ಎಣಿಸಲಾಗದು. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ ೨೦೨೨ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಮಡಿದರು. ಅವರಲ್ಲಿ ನೂರಕ್ಕೆ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರವಾಹನಗಳಲ್ಲಿದ್ದವರು. ಇನ್ನು ಕೈಕಾಲು ಮುರಿದು ತಿಂಗಳುಗಟ್ಟಲೆ ಮಲಗಿದವರ, ಚರ್ಮ ಕಿತ್ತುಹೋಗಿ ಕಸಿ ಮಾಡಿಸಿಕೊಂಡವರ ಸಂಕಟವನ್ನು ಯಾವ ಅಂಕಿಯೂ ಪೂರ್ಣವಾಗಿ ಹೇಳಲಾರದು. ದುಡಿಯುವ ಒಬ್ಬನು ಮೂರು ತಿಂಗಳು ಮಂಚ ಹಿಡಿದರೆ ಸಂಸಾರವೇ ಮಂಚ ಹಿಡಿದಂತೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೧೨೯ನೆಯ ಪ್ರಕರಣವು ಹೆಲ್ಮೆಟ್ಟನ್ನು ಕಡ್ಡಾಯಮಾಡಿ ತಲೆಯ ವಿಚಾರವನ್ನು ನೋಡಿಕೊಂಡಿದೆ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸಬೇಕೆಂಬ ಒಂದು ಮಾತನ್ನು ಹೇಳಿ ಅದನ್ನು ಬಿಡುವೆನು. ಕೊರಳಿನಿಂದ ಕೆಳಗಿನ ದೇಹದ ಗತಿಯೇನು? ಅದನ್ನು ಕಾನೂನು ನಮ್ಮ ವಿವೇಕಕ್ಕೆ ಬಿಟ್ಟಿದೆ.

ವಿವರಗಳಿಗೆ ಹೋಗುವ ಮೊದಲು ಮುಖ್ಯವಾದ ಮಾತೊಂದನ್ನು ಹೇಳಿಬಿಡುವುದು ಲೇಸು. ಕರ್ಣನ ಕವಚವು ಹುಟ್ಟಿನಿಂದಲೇ ಮೈಗೆ ಅಂಟಿಕೊಂಡು ಬಂದುದು; ಮರೆತು ಮನೆಯಲ್ಲಿ ಬಿಟ್ಟುಬರುವ ಸಂಭವವೇ ಅವನಿಗಿರಲಿಲ್ಲ. ನಮ್ಮದು ಹಾಗಲ್ಲ. ನಾವು ಕೊಳ್ಳುವ ಕವಚ ಗೂಟಕ್ಕೆ ತೂಗುಬೀಳುವ ಜಾತಿಯದು. ಸೆಕೆಯೆಂದು ಬೇಸಗೆಯಲ್ಲಿ ಬಿಟ್ಟು, ನೆನೆಯುವುದೆಂದು ಮಳೆಗಾಲದಲ್ಲಿ ಬಿಟ್ಟು, ತೊಡಲು ಹೊತ್ತಾಗುವುದೆಂದು ಉಳಿದ ದಿನಗಳಲ್ಲಿ ಬಿಟ್ಟರೆ, ಎಷ್ಟೇ ಬೆಲೆಯದಾದರೂ ಅದು ಗೂಟವನ್ನು ಕಾಯುವುದೇ ಹೊರತು ಸವಾರನನ್ನು ಕಾಯದು. ಬೀಳುವುದು ಹೇಳಿ ಕೇಳಿ ಬರುವುದಲ್ಲ. ಆದುದರಿಂದ ನಿತ್ಯಸಂಚಾರದ ಉಡುಪನ್ನು ಆರಿಸುವಾಗ "ಇದು ಎಷ್ಟು ಗಟ್ಟಿ?" ಎಂಬ ಪ್ರಶ್ನೆಯ ಜೊತೆಗೆ "ಇದನ್ನು ವರ್ಷದ ಎಲ್ಲ ದಿನವೂ ತೊಡುವೆನೇ?" ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಎರಡಕ್ಕೂ ಒಪ್ಪಿದುದೇ ಸರ್ವಋತುಗಳ ಉಡುಪು.

ಬೀಳುವಿಕೆಯ ಲೆಕ್ಕ

ವಾಹನದಿಂದ ಬಿದ್ದವನಿಗೆ ಎರಡು ಬಗೆಯ ಪೆಟ್ಟು ತಗಲುವುದು. ಒಂದು ನೆಲಕ್ಕೆ ಅಪ್ಪಳಿಸುವುದರಿಂದ, ಇನ್ನೊಂದು ನೆಲದ ಮೇಲೆ ಉಜ್ಜಿಕೊಂಡು ಹೋಗುವುದರಿಂದ. ಒಂದು ಮೀಟರು ಎತ್ತರದಿಂದ ಬಿದ್ದ ದೇಹವು ಗಂಟೆಗೆ ಸುಮಾರು ೧೬ ಕಿಲೋಮೀಟರು ವೇಗದಲ್ಲಿ ನೆಲವನ್ನು ಮುಟ್ಟುವುದು. ವಾಹನವು ನಿಧಾನವಾಗಿ ಹೋಗುತ್ತಿರಲಿ, ವೇಗವಾಗಿ ಹೋಗುತ್ತಿರಲಿ, ಮೇಲಿನಿಂದ ಕೆಳಕ್ಕೆ ಬೀಳುವ ಈ ಪೆಟ್ಟು ಅಷ್ಟೇ ಇರುವುದು. "ನಾನು ಪಕ್ಕದ ಬೀದಿಗೆ ಮೆಲ್ಲಗೆ ಹೋಗಿಬರುವವನು, ನನಗೇಕೆ?" ಎನ್ನುವವರಿಗೆ ಇದೇ ಉತ್ತರ. ಈ ಪೆಟ್ಟನ್ನು ಮೊದಲು ತಾಳತಕ್ಕವು ಭುಜ, ಮೊಳಕೈ, ಸೊಂಟದ ಪಕ್ಕ, ಮೊಣಕಾಲುಗಳು. ಅಲ್ಲಿಗೆ ಬೇಕಾದುದು ಪೆಟ್ಟನ್ನು ನುಂಗುವ ಪ್ಯಾಡು.

ಎರಡನೆಯದು ವೇಗಕ್ಕೆ ತಕ್ಕಂತೆ ಬೆಳೆಯುವುದು. ಗಂಟೆಗೆ ೫೦ ಕಿಲೋಮೀಟರಿನಲ್ಲಿ ಹೋಗುತ್ತಿದ್ದವನು ಒಣ ರಸ್ತೆಯ ಮೇಲೆ ಬಿದ್ದು ಜಾರಿದರೆ, ಘರ್ಷಣೆಯ ಲೆಕ್ಕದಂತೆ ಸುಮಾರು ೧೫ ಮೀಟರು ಹೋಗಿ ನಿಲ್ಲುವನು. ಒಂದು ಸಾಧಾರಣ ಮನೆಯ ಬೀದಿಬಾಗಿಲಿನಿಂದ ಹಿತ್ತಿಲಿನವರೆಗಿನ ದೂರ! ಈ ಜಾರಾಟಕ್ಕೆ ಎರಡು ಸೆಕೆಂಡುಗಳಷ್ಟು ಕಾಲ ಹಿಡಿಯುವುದು. ಸಾಮಾನ್ಯವಾದ ಜೀನ್ಸ್ ಬಟ್ಟೆಯು ಉಜ್ಜಾಟದ ಪರೀಕ್ಷೆಯಲ್ಲಿ ಒಂದು ಸೆಕೆಂಡೂ ನಿಲ್ಲದೆ ತೂತುಬೀಳುವುದು. ತೆಳುವಾದ ನೈಲಾನು ಕೋಟಿನದು ಇನ್ನೊಂದು ಅಪಾಯ. ಉಜ್ಜುವ ಬಿಸಿಗೆ ಅದು ಕರಗಿ ಗಾಯಕ್ಕೆ ಅಂಟಿಕೊಳ್ಳುವುದು. ಆದಕಾರಣ ಪ್ಯಾಡಿನ ಹೊರಗೆ ಉಜ್ಜಾಟವನ್ನು ತಾಳುವ ದಪ್ಪ ಬಟ್ಟೆಯೂ, ಬಿಚ್ಚಿಹೋಗದ ಹೊಲಿಗೆಯೂ ಅವಶ್ಯಕ.

ಇಂತಹ ಉಡುಪಿನಿಂದ ಪ್ರಯೋಜನವಾಗುವುದೋ ಇಲ್ಲವೋ ಎಂಬುದನ್ನು ಆಸ್ಟ್ರೇಲಿಯದಲ್ಲಿ ಲಿಜ್ ಡಿ ರೋಮ್ ಮತ್ತು ಅವರ ಸಂಗಡಿಗರು ಅಪಘಾತಕ್ಕೆ ಸಿಕ್ಕಿದ ೨೧೨ ಸವಾರರನ್ನು ವಿಚಾರಿಸಿ ೨೦೧೧ರಲ್ಲಿ ಪ್ರಕಟಿಸಿದರು. ಸವಾರಿಗೆಂದೇ ಮಾಡಿದ ಜಾಕೆಟ್ಟು, ಪ್ಯಾಂಟು, ಕೈಗವಸುಗಳನ್ನು ಧರಿಸಿದ್ದವರು ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದುದು ಕಡಮೆ. ಆದರೆ ಅದೇ ಅಧ್ಯಯನವು ಇನ್ನೊಂದು ಸಂಗತಿಯನ್ನೂ ಬಯಲುಮಾಡಿತು. ಧರಿಸಿದ್ದ ಉಡುಪುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವು ಅಪಘಾತದಲ್ಲಿ ಹರಿದೋ ಸವೆದೋ ಸೋತುಹೋಗಿದ್ದವು. ಸವಾರಿಯ ಉಡುಪೆಂದು ಮಾರಿದುದೆಲ್ಲವೂ ಸವಾರನನ್ನು ಕಾಯುವುದೆಂಬ ನಿಯಮವಿಲ್ಲ. ಪರೀಕ್ಷೆಯಾದುದನ್ನು ನೋಡಿ ಕೊಳ್ಳತಕ್ಕದ್ದು.

ಗುರುತುಗಳನ್ನು ಓದುವ ಬಗೆ

ಪರೀಕ್ಷೆಯ ಗುರುತು ಉಡುಪಿನ ಒಳಭಾಗದಲ್ಲಿ ಹೊಲಿದಿರುವ ಚೀಟಿಯಲ್ಲಿರುವುದು. ಯುರೋಪಿನ ಇಎನ್ ೧೭೦೯೨ ಎಂಬ ಮಾನಕವು ೨೦೨೦ರಲ್ಲಿ ಬಂದಿತು. ಅದರಲ್ಲಿ ಎಎಎ, ಎಎ, ಎ ಎಂಬ ತರಗತಿಗಳಿವೆ. ಭುಜ, ಮೊಳಕೈ, ಮೊಣಕಾಲುಗಳಂತಹ ಹೆಚ್ಚಿನ ಅಪಾಯದ ಜಾಗದಲ್ಲಿ ಬಟ್ಟೆಯನ್ನು ಎಎಎ ತರಗತಿಗೆ ೧೨೦, ಎಎ ತರಗತಿಗೆ ೭೦, ಎ ತರಗತಿಗೆ ೪೫ ಕಿಲೋಮೀಟರು ವೇಗಕ್ಕೆ ಸಮನಾದ ಉಜ್ಜಾಟದಿಂದ ಪರೀಕ್ಷಿಸುವರು. ಬಿ ಎಂಬುದು ಪ್ಯಾಡುಗಳಿಲ್ಲದ ಬರಿಯ ಬಟ್ಟೆ. ಸಿ ಎಂಬುದು ಬಟ್ಟೆಯ ಭರವಸೆಯಿಲ್ಲದ ಬರಿಯ ಪ್ಯಾಡು. ನಗರದೊಳಗೆ ನಿತ್ಯ ಓಡಾಡುವವನಿಗೆ ಎಎ ತರಗತಿಯು ಉತ್ತಮ, ಎ ತರಗತಿಯು ಮಧ್ಯಮ ಎಂದು ತಿಳಿಯಬಹುದು. ಎಎಎ ತರಗತಿಯವು ಸಾಮಾನ್ಯವಾಗಿ ತೂಕವಾಗಿಯೂ ಸೆಕೆಯಾಗಿಯೂ ಇರುವುವು. ಗೂಟಕ್ಕೆ ತೂಗುಬೀಳುವ ಸಂಭವ ಅವಕ್ಕೆ ಹೆಚ್ಚು.

ಪ್ಯಾಡುಗಳಿಗೂ ಬೇರೆ ಮಾನಕವಿದೆ. ಕೈಕಾಲುಗಳ ಪ್ಯಾಡಿಗೆ ಇಎನ್ ೧೬೨೧-೧, ಬೆನ್ನಿನದಕ್ಕೆ ಇಎನ್ ೧೬೨೧-೨. ತೂಕವೊಂದನ್ನು ಪ್ಯಾಡಿನ ಮೇಲೆ ಬೀಳಿಸಿ, ಕೆಳಗೆ ಎಷ್ಟು ಬಲ ಹಾಯುವುದೆಂದು ಅಳೆಯುವರು. ಕೈಕಾಲುಗಳ ಪ್ಯಾಡಿನಲ್ಲಿ ಒಂದನೆಯ ಮಟ್ಟದ್ದಕ್ಕೆ ಸರಾಸರಿ ೩೫, ಎರಡನೆಯ ಮಟ್ಟದ್ದಕ್ಕೆ ೨೦ ಕಿಲೋನ್ಯೂಟನ್ ಮೀರಬಾರದು. ಬೆನ್ನಿನದರಲ್ಲಿ ಈ ಮಿತಿಗಳು ೧೮ ಮತ್ತು ೯. ಎರಡನೆಯ ಮಟ್ಟವೇ ಹೆಚ್ಚು ಕಾಯುವಂಥದು. ಅನೇಕ ಜಾಕೆಟ್ಟುಗಳಲ್ಲಿ ಬೆನ್ನಿನ ಜಾಗಕ್ಕೆ ಬರಿಯ ಸ್ಪಂಜಿನ ಹಾಳೆಯನ್ನು ತುಂಬಿ ಮಾರುವರು. ಅಂಗಡಿಯಲ್ಲಿಯೇ ಆ ಜೇಬಿನ ಜಿಪ್ಪನ್ನು ಬಿಚ್ಚಿ, ಪ್ಯಾಡನ್ನು ಹೊರತೆಗೆದು, ಅದರ ಮೇಲೆ ಅಂಕಿಗಳು ಅಚ್ಚಾಗಿವೆಯೇ ಎಂದು ನೋಡಬೇಕು. ಇದರಲ್ಲಿ ಸಂಕೋಚಪಡತಕ್ಕದ್ದೇನೂ ಇಲ್ಲ. ಮಡಕೆಯನ್ನು ತಟ್ಟಿ ನೋಡಿ ಕೊಳ್ಳುವವರು ಕವಚವನ್ನು ಬಿಚ್ಚಿ ನೋಡಿ ಕೊಳ್ಳಬಾರದೇಕೆ?

ಬೇಸಗೆ

ನಮ್ಮ ನಾಡಿನಲ್ಲಿ ಉಡುಪನ್ನು ಗೂಟಕ್ಕೆ ಏರಿಸುವ ಮೊದಲ ಕಾರಣ ಸೆಕೆ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೂ ೨೦೧೬ರ ಏಪ್ರಿಲಿನಲ್ಲಿ ಉಷ್ಣತೆಯು ೩೯.೨ ಡಿಗ್ರಿಗೆ ಏರಿತ್ತು. ರಾಯಚೂರು, ಕಲಬುರಗಿಗಳಲ್ಲಿ ೪೦ನ್ನು ದಾಟುವುದು ಪ್ರತಿ ವರ್ಷದ ಮಾತು. ಇದಕ್ಕೆ ಉಪಾಯವೆಂದರೆ ಅಂಗಡಿಯವರು ಮೆಷ್ ಎಂದು ಕರೆಯುವ ಜಾಳಿಬಟ್ಟೆ. ಎದೆ, ಬೆನ್ನು, ತೋಳಿನ ಒಳಬದಿಗಳಲ್ಲಿ ದಪ್ಪನೂಲಿನ ಜಾಳಿ. ಭುಜ, ಮೊಳಕೈಗಳಲ್ಲಿ ಮುಚ್ಚುಬಟ್ಟೆ. ಕೌಟಿಲ್ಯನ ಲೋಹಜಾಲಿಕೆಯ ವಂಶದ್ದೇ ಇದು. ಕಬ್ಬಿಣದ ಜಾಗಕ್ಕೆ ನೈಲಾನು ಬಂದಿದೆ, ಅಷ್ಟೆ. ವಾಹನವು ಚಲಿಸುತ್ತಿರುವಾಗ ಗಾಳಿಯು ಜಾಳಿಯೊಳಗೆ ನುಗ್ಗಿ ಬೆವರನ್ನು ಆರಿಸುವುದರಿಂದ ಮೈ ತಂಪಾಗುವುದು. ಜಾಳಿಯು ಮುಚ್ಚುಬಟ್ಟೆಯಷ್ಟು ಉಜ್ಜಾಟವನ್ನು ತಾಳದೆಂಬುದು ದಿಟ. ಆದರೂ ತೊಟ್ಟ ಜಾಳಿಯು ತೊಡದ ತೊಗಲಿಗಿಂತ ಮೇಲು. ಬೀಳುವಾಗ ಮೊದಲು ನೆಲ ಮುಟ್ಟುವ ಭಾಗಗಳಲ್ಲಿ ಜಾಳಿಯಿಲ್ಲದುದನ್ನು ಆರಿಸಿದರೆ ಎರಡೂ ಕಾರ್ಯ ಸಾಧಿಸಿದಂತಾಯಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ಹೊರಗಿನ ಗಾಳಿಯು ನಮ್ಮ ಚರ್ಮಕ್ಕಿಂತ ಬಿಸಿಯಾಗಿದ್ದರೆ, ಎಂದರೆ ಸುಮಾರು ೩೫ ಡಿಗ್ರಿಯನ್ನು ಮೀರಿದರೆ, ಬೀಸುವ ಗಾಳಿಯು ಮೈಗೆ ಬಿಸಿಯನ್ನು ತಂದುಹಾಕುವುದು. ತಂಪಾಗುವುದೇನಿದ್ದರೂ ಬೆವರು ಆರುವುದರಿಂದ. ಬಿರುಬಿಸಿಲಿನಲ್ಲಿ ಮೈಮುಚ್ಚದೆ ಹೋಗುವವನು ಬೇಗ ಒಣಗಿ ಬಳಲುವನು. ನಮ್ಮ ಬಯಲುಸೀಮೆಯ ಕುರುಬನು ಉರಿಬಿಸಿಲಿನಲ್ಲಿ ಕಂಬಳಿ ಹೊದೆಯುವುದನ್ನು ಕಂಡು ನಗುವವರಿಗೆ ಈ ತತ್ತ್ವ ತಿಳಿಯದು. ಅಂತಹ ದಿನ ಒಳಗೆ ತೊಟ್ಟ ಹತ್ತಿಯ ಬನಿಯನ್ನನ್ನು ನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಂಡು, ಮೇಲೆ ಜಾಕೆಟ್ಟನ್ನು ತೊಟ್ಟರೆ, ಅರ್ಧ ಗಂಟೆಯ ದಾರಿ ಹಿತವಾಗಿ ಸಾಗುವುದು. ಕಚೇರಿಯಲ್ಲಿ ಒಣ ಅಂಗಿಯೊಂದಿದ್ದರೆ ಸಾಕು.

ಮಳೆಗಾಲ

ನಿಂತವನ ಮೇಲೆ ಮಳೆಯು ತಲೆಯ ಮೇಲಿನಿಂದ ಬೀಳುವುದು. ಸವಾರನ ಮೇಲೆ ಎದುರಿನಿಂದ ಬೀಳುವುದು. ದಪ್ಪ ಹನಿಯು ಸೆಕೆಂಡಿಗೆ ಆರೇಳು ಮೀಟರು ವೇಗದಲ್ಲಿ ಇಳಿಯುವುದು. ೫೦ ಕಿಲೋಮೀಟರಿನಲ್ಲಿ ಹೋಗುವ ಸವಾರನು ಸೆಕೆಂಡಿಗೆ ಸುಮಾರು ೧೪ ಮೀಟರು ವೇಗದಲ್ಲಿ ಅದನ್ನು ಎದುರಿಸುವನು. ಹೀಗಾಗಿ ಅವನಿಗೆ ಮಳೆಯು ಇಳಿಯುವ ಹನಿಯಲ್ಲ, ಎದುರಾಗಿ ಬರುವ ಬಾಣ. ಮೊದಲು ನೆನೆಯುವ ಜಾಗಗಳು ಎದೆಯ ಜಿಪ್ಪು, ಕೊರಳಪಟ್ಟಿ, ಮುಂಗೈ, ತೊಡೆಯ ಸಂದು. ಮಳೆಯ ಉಡುಪನ್ನು ಕೊಳ್ಳುವಾಗ ಬಟ್ಟೆಗಿಂತ ಮೊದಲು ಈ ನಾಲ್ಕನ್ನು ಪರೀಕ್ಷಿಸಬೇಕು. ಜಿಪ್ಪಿನ ಮೇಲೆ ಎರಡು ಮಡಿಕೆಯ ಮುಚ್ಚಳವಿದೆಯೇ? ಹೊಲಿಗೆಗಳ ಒಳಬದಿಗೆ ನೀರು ಹಾಯದ ಪಟ್ಟಿಯನ್ನು ಅಂಟಿಸಿದೆಯೇ? ಹೊಲಿಗೆಯ ಸೂಜಿತೂತುಗಳಿಗೆ ಪಟ್ಟಿಯಿಲ್ಲದಿದ್ದರೆ ಬಟ್ಟೆ ಎಷ್ಟು ಉತ್ತಮವಾದರೂ ವ್ಯರ್ಥ.

ನೀರನ್ನು ತಡೆಯುವ ಬಗೆ ಮೂರು. ಒಂದು, ಹೊರಬಟ್ಟೆಗೇ ಅಂಟಿಸಿದ ನೀರ್ತಡೆಯ ಪೊರೆ. ಎರಡು, ಜಾಕೆಟ್ಟಿನ ಒಳಗೆ ಜಿಪ್ಪಿನಿಂದ ಸೇರಿಸುವ ಪೊರೆಯ ಒಳಪದರ. ಮೂರು, ಎಲ್ಲದರ ಮೇಲೆ ತೊಡುವ ಬೇರೆಯ ರೇನ್‌ಕೋಟು, ಪ್ಯಾಂಟು. ಪೊರೆಗಳಲ್ಲಿ ಹೆಸರಾದದ್ದು ಗೋರ್-ಟೆಕ್ಸ್. ಅಮೆರಿಕದ ಬಾಬ್ ಗೋರ್ ಎಂಬವರು ೧೯೬೯ರಲ್ಲಿ ಟೆಫ್ಲಾನಿನ ಕಡ್ಡಿಯನ್ನು ಕಾಯಿಸಿ ಥಟ್ಟನೆ ಜಗ್ಗಿದಾಗ ಅದು ಅತಿಸೂಕ್ಷ್ಮ ರಂಧ್ರಗಳ ಹಾಳೆಯಾಗಬಲ್ಲುದೆಂದು ತಿಳಿದುಬಂದಿತು. ಆ ರಂಧ್ರಗಳಲ್ಲಿ ನೀರಿನ ಹನಿ ತೂರದು. ಬೆವರಿನ ಆವಿ ಹಾಯ್ದುಹೋಗುವುದು. ಇದು ಬಹಳ ಉಪಯುಕ್ತವಾದ ವಸ್ತುವೆಂಬಲ್ಲಿ ಸಂದೇಹವಿಲ್ಲ. ಆದರೆ ಆವಿಯು ಹೊರಕ್ಕೆ ಹೋಗಬೇಕಾದರೆ ಒಳಗಿಗಿಂತ ಹೊರಗಿನ ಗಾಳಿ ಒಣಗಿರಬೇಕು. ಆಷಾಢದ ಮಂಗಳೂರಿನಲ್ಲಿ, ಹೊರಗೇ ಗಾಳಿ ನೀರುಂಡು ತೇಗುತ್ತಿರುವಾಗ, ಆವಿಯು ಎಲ್ಲಿಗೆ ಹೋದೀತು? ಹೊರಗಿನ ಮಳೆ ಒಳಕ್ಕೆ ಬರದಿದ್ದರೂ ಒಳಗಿನ ಬೆವರೇ ಮೈ ನೆನೆಸುವುದು. ತಂಪುದೇಶಗಳಲ್ಲಿ ಹೊಗಳಿಸಿಕೊಂಡ ಉಡುಪು ನಮ್ಮ ಕರಾವಳಿಯಲ್ಲಿ ಅಷ್ಟು ಹೊಗಳಿಕೆ ಪಡೆಯದಿರುವುದಕ್ಕೆ ಕಾರಣ ಇದೇ.

ಒಳಪದರದ ಬಗೆಯಲ್ಲಿ ಇನ್ನೊಂದು ತೊಡಕುಂಟು. ಹೊರಗಿನ ಜಾಕೆಟ್ಟು ನೀರು ಕುಡಿದು ಭಾರವಾಗುವುದು, ಮರುದಿನಕ್ಕೂ ಒಣಗದು. ಮಳೆ ಬಂದಾಗ ರಸ್ತೆಯ ಬದಿಯಲ್ಲಿ ನಿಂತು, ಜಾಕೆಟ್ಟು ಕಳಚಿ, ಪದರವನ್ನು ಜೋಡಿಸಬೇಕಾಗುವುದು. ಅಷ್ಟರಲ್ಲಿ ನೆನೆಯಬೇಕಾದವನು ನೆನೆದಿರುವನು. ಆದುದರಿಂದ ನನಗೆ ತೋರುವ ಮಟ್ಟಿಗೆ ನಮ್ಮ ನಾಡಿನ ನಿತ್ಯಸಂಚಾರಿಗೆ ಒಪ್ಪುವುದು ಮೂರನೆಯ ಬಗೆ. ಜಾಳಿಯ ಜಾಕೆಟ್ಟು ಸದಾ ಮೈಮೇಲೆ. ಅದರ ಮೇಲೆ ಸಡಿಲವಾಗಿ ಕೂರುವ ರೇನ್‌ಕೋಟು, ಪ್ಯಾಂಟು ಸದಾ ಸೀಟಿನ ಕೆಳಗೆ. ಬೆಂಗಳೂರು, ಮೈಸೂರುಗಳಲ್ಲಿ ಮಳೆಯು ಹೆಚ್ಚಾಗಿ ಸಂಜೆಯ ಹೊತ್ತು ಥಟ್ಟನೆ ಸುರಿದು ನಿಲ್ಲುವಂಥದು. ಎರಡು ನಿಮಿಷದಲ್ಲಿ ತೊಟ್ಟು, ನಿಂತೊಡನೆ ಕಳಚಿ ಮಡಿಸುವ ಈ ಬಗೆಯೇ ಅಲ್ಲಿಗೆ ಯೋಗ್ಯ. ಮಲೆನಾಡಿನಲ್ಲಿ ದಿನವಿಡೀ ಜಡಿಮಳೆ. ಅಲ್ಲಿಯ ತಂಪಿಗೆ ಹೊರಬಟ್ಟೆಗೆ ಪೊರೆಯಂಟಿಸಿದ ಮೊದಲನೆಯ ಬಗೆ ಸಲ್ಲುವುದು, ಬೆಲೆಯನ್ನು ತೆರಬಲ್ಲವರಿಗೆ.

ಮಲೆನಾಡಿನ ರೈತರು ಗೊರಬು, ಕಂಬಳಿಕೊಪ್ಪೆಗಳನ್ನು ಧರಿಸಿ ಇಡೀ ಮಳೆಗಾಲ ಗದ್ದೆಯಲ್ಲಿ ದುಡಿದವರು. ಮೇಲಿನಿಂದ ಬರುವ ನೀರನ್ನು ಬೆನ್ನಮೇಲೆ ಇಳಿಸಿ, ಮುಂಭಾಗವನ್ನು ತೆರೆದಿಟ್ಟು ಗಾಳಿಯಾಡಿಸುವ ಆ ಸಾಧನಗಳು ಬಗ್ಗಿ ನಾಟಿಮಾಡುವವರಿಗೆ ಸರಿಯಾದುವು. ಆದರೆ ಅದೇ ಮಾದರಿಯ ಸಡಿಲವಾದ ಮಳೆಹೊದಿಕೆಯನ್ನು ಹೊದ್ದು ವಾಹನವೇರುವುದು ಅಪಾಯಕರ. ಎದುರುಗಾಳಿಗೆ ಅದು ಹಾರಿ ಕಣ್ಣಿಗೆ ಅಡ್ಡ ಬರುವುದು, ಗಾಲಿಗೆ ಸಿಕ್ಕಿಕೊಳ್ಳುವುದು. ಹಿಂದೆ ಕುಳಿತವರು ಛತ್ರಿ ಬಿಚ್ಚಿ ಹಿಡಿಯುವುದಂತೂ ಸರ್ವಥಾ ಕೂಡದು. ಒಂದು ಬಿರುಗಾಳಿಗೆ ಛತ್ರಿಯು ಪಟವಾಗಿ ವಾಹನವನ್ನೇ ಎಳೆಯುವುದು.

ಚಳಿಗಾಲ

ಚಳಿಯ ವಿಚಾರ ನಮ್ಮಲ್ಲಿ ಸುಲಭ. ಚಳಿಯನ್ನು ತರುವುದು ಗಾಳಿ. ಗಾಳಿಯನ್ನು ತಡೆದರೆ ಅರ್ಧ ಚಳಿ ನಿಂತಂತೆಯೇ. ಜಾಳಿಯ ಜಾಕೆಟ್ಟಿನ ಮೇಲೆ ಆ ರೇನ್‌ಕೋಟನ್ನೇ ತೊಟ್ಟರೆ ಮಾರ್ಗಶಿರದ ಮುಂಜಾನೆಗೂ ಸಾಕು. ಕೊಡಗು, ಚಿಕ್ಕಮಗಳೂರಿನ ಕಡೆಯವರು ಒಳಗೊಂದು ಉಣ್ಣೆಯ ಸ್ವೆಟರು ಹಾಕಿಕೊಂಡಾರು. ಬೆರಳು ಮರಗಟ್ಟಿದರೆ ಬ್ರೇಕಿನ ಮೇಲಿನ ಹಿಡಿತ ತಪ್ಪುವುದು. ಆದುದರಿಂದ ಕೈಗವಸನ್ನು ಶೋಕಿಯೆಂದು ಭಾವಿಸಬಾರದು. ಬೀಳುವಾಗ ಮನುಷ್ಯನು ಮೊದಲು ಚಾಚುವುದು ಅಂಗೈಯನ್ನೇ; ಎಲ್ಲ ಋತುಗಳಲ್ಲಿಯೂ ಅದು ಬೇಕು.

ಒಂದೇ ಅಂಗಿಯೋ, ಎರಡೋ?

ಜಾಕೆಟ್ಟು, ಪ್ಯಾಂಟು ಬೇರೆ ಬೇರೆಯಾಗಿರಬೇಕೇ, ಕೊರಳಿನಿಂದ ಹಿಮ್ಮಡಿಯವರೆಗೆ ಒಂದೇ ಉಡುಪಾಗಿರಬೇಕೇ ಎಂಬ ಚರ್ಚೆಯುಂಟು. ಇದರಲ್ಲಿ ಒಂದು ನಿದರ್ಶನ ಸ್ಮರಣೀಯವಾಗಿದೆ. ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ, ಸುಪೀರಿಯರ್ ಸರೋವರದ ದಡದ ಡುಲೂತ್ ಎಂಬ ಬಲು ಚಳಿಯ ಊರಿನಲ್ಲಿ, ಆಂಡಿ ಗೋಲ್ಡ್‌ಫೈನ್ ಎಂಬವರು ೧೯೮೩ರಲ್ಲಿ ಏರೋಸ್ಟಿಚ್ ಎಂಬ ಹೆಸರಿನಿಂದ ಸವಾರಿಯ ಉಡುಪನ್ನು ಹೊಲಿಸತೊಡಗಿದರು. ಅವರ ರೋಡ್‌ಕ್ರಾಫ್ಟರ್ ಎಂಬ ಉಡುಪಿನ ವಿಶೇಷವೆಂದರೆ ಅದು ಕಚೇರಿಯ ಪೋಷಾಕಿನ ಮೇಲೆ ತೊಡುವಂಥದು. ಕೊರಳಿನಿಂದ ಕಾಲಿನವರೆಗೆ ಉದ್ದ ಜಿಪ್ಪು. ಒಳಗೆ ಕಾಲಿಟ್ಟು, ತೋಳು ತೂರಿಸಿ, ಜಿಪ್ಪೆಳೆದರೆ ಕೆಲವೇ ಕ್ಷಣಗಳಲ್ಲಿ ಸವಾರ ಸಿದ್ಧ. ಕಚೇರಿಯ ಬಾಗಿಲಲ್ಲಿ ಅದನ್ನು ಕಳಚಿದರೆ ಒಳಗೆ ಇಸ್ತ್ರಿ ಕೆಡದ ಅಂಗಿ, ಟೈ. ಮೊದಲು ಪಂದ್ಯಗಾರರಿಗೂ ದೂರಪ್ರವಾಸಿಗಳಿಗೂ ಇದ್ದ ಕವಚವು ಹೀಗೆ ನಿತ್ಯ ಕೆಲಸಕ್ಕೆ ಹೋಗುವ ಗೃಹಸ್ಥನ ಕವಚವಾಯಿತು.

ಈ ನಿದರ್ಶನದಿಂದ ನಾವು ಕಲಿಯಬೇಕಾದುದು ಅದರ ಬಟ್ಟೆಯನ್ನಲ್ಲ, ತತ್ತ್ವವನ್ನು. ಹಿಮದ ಊರಿಗೆ ಹೊಲಿದ ದಪ್ಪ ಉಡುಪನ್ನು ಬಳ್ಳಾರಿಯ ಬಿಸಿಲಿನಲ್ಲಿ ತೊಟ್ಟವನು ಬೆಂದುಹೋಗುವನು. ಆದರೆ ತೊಡುವುದೂ ಕಳಚುವುದೂ ಕ್ಷಣಮಾತ್ರದ ಕೆಲಸವಾಗಿರಬೇಕು, ಒಳಗಿನ ಬಟ್ಟೆ ಬದಲಿಸುವ ತೊಂದರೆ ಇರಬಾರದು ಎಂಬ ಆ ಸೂತ್ರವು ಎಲ್ಲ ದೇಶಕ್ಕೂ ಸಲ್ಲುವುದು. ನಮ್ಮಲ್ಲಿ ಜಾಕೆಟ್ಟು ಒಂದು, ಕಾಲಿನ ಪಕ್ಕಕ್ಕೆ ಉದ್ದ ಜಿಪ್ಪಿರುವ ಮೇಲುಪ್ಯಾಂಟು ಒಂದು, ಹೀಗೆ ಎರಡಾಗಿರುವುದೇ ಅನುಕೂಲ. ಬೂಟು ಕಳಚದೆ ಹಾಕಿಕೊಳ್ಳಬಹುದು. ಪ್ಯಾಂಟಿನ ಸೆಕೆ ಬೇಡವೆನ್ನುವವರು ಮೊಣಕಾಲಿಗೆ ಕಟ್ಟುವ ಕಾಪುಗಳನ್ನಾದರೂ ಧರಿಸಲಿ. ಅವು ಚರ್ಮವನ್ನೆಲ್ಲ ಕಾಯದಿದ್ದರೂ ಕೀಲನ್ನು ಕಾಯುವುವು.

ಸ್ತ್ರೀಯರ ವಿಚಾರದಲ್ಲಿ ಈ ಮಾತು ಇನ್ನೂ ಮುಖ್ಯ. ಸೀರೆಯ ಸೆರಗು, ದುಪ್ಪಟ್ಟಗಳು ಗಾಲಿಗೆ ಸಿಕ್ಕಿ ಆದ ಅನಾಹುತಗಳನ್ನು ಕೇಳದವರಿಲ್ಲ. ದುಪ್ಪಟ್ಟವನ್ನು ಒಳಗೆ ಮಡಿಸಿ ಮೇಲೆ ಜಾಕೆಟ್ಟನ್ನು ತೊಟ್ಟರೆ ಆ ಭಯವೇ ಇಲ್ಲ. ಸ್ತ್ರೀಯರ ಅಳತೆಗೆಂದೇ ಹೊಲಿದವು ಈಗ ದೊರೆಯುತ್ತಿವೆ. ಅಣ್ಣನದೋ ಗಂಡನದೋ ದೊಡ್ಡ ಜಾಕೆಟ್ಟನ್ನು ತೊಟ್ಟರೆ ಮೊಳಕೈಯ ಪ್ಯಾಡು ಮುಂಗೈಗೆ ಜಾರಿ, ಬೇಕಾದ ಜಾಗವೇ ಬಯಲಾಗುವುದು. ಹಿಂದೆ ಕುಳಿತು ಹೋಗುವವರಿಗೂ ರಸ್ತೆಯು ಅಷ್ಟೇ ಗಡುಸು. ಯಜಮಾನನಿಗೆ ಕವಚ, ಹಿಂದಿನ ಗೃಹಿಣಿಗೆ ಬರಿಯ ಸೀರೆ ಎಂಬ ಏರ್ಪಾಡು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಕೊಳ್ಳುವಾಗ

ಬಣ್ಣವನ್ನು ಕುರಿತು ಒಂದು ಮಾತು. ಯುವಕರಿಗೆ ಕಪ್ಪು ಪ್ರಿಯ. ಕೊಳೆ ಕಾಣದೆಂದು ತಾಯಂದಿರಿಗೂ ಪ್ರಿಯ. ಆದರೆ ಕತ್ತಲೆಯಲ್ಲಿಯೂ ಮಳೆಯಲ್ಲಿಯೂ ಕಪ್ಪು ಕಾಣದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳಕನ್ನು ಹಿಂದಿರುಗಿಸುವ ಅಥವಾ ಹೊಳೆಯುವ ಬಣ್ಣದ ಉಡುಪನ್ನು ಧರಿಸಿದ ಸವಾರರಿಗೆ ಅಪಘಾತದಲ್ಲಿ ಗಾಯಗೊಳ್ಳುವ ಸಂಭವ ನೂರಕ್ಕೆ ೩೭ರಷ್ಟು ಕಡಮೆಯೆಂದು ಕಂಡುಬಂದಿತು. ಪೆಟ್ಟನ್ನು ತಾಳುವುದಕ್ಕಿಂತ ಪೆಟ್ಟು ಬಾರದಂತೆ ನೋಡಿಕೊಳ್ಳುವುದು ಮೇಲಲ್ಲವೇ? ಜಾಕೆಟ್ಟು ಕಪ್ಪಾದರೂ ರೇನ್‌ಕೋಟಾದರೂ ಹಳದಿಯೋ ಕಿತ್ತಳೆಯೋ ಇರಲಿ. ಬೆನ್ನಿನ ಮೇಲೆ ಹೊಳೆಯುವ ಪಟ್ಟಿಯಿರಲಿ.

ತೊಟ್ಟುನೋಡುವಾಗ ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಅಂಗಡಿಯ ಹೊರಗೆ ನಿಲ್ಲಿಸಿದ ತನ್ನ ವಾಹನದ ಮೇಲೆ ಕುಳಿತು, ಕೈಗಳನ್ನು ಹಿಡಿಗೆ ಚಾಚಿ ನೋಡಬೇಕು. ಆಗ ತೋಳು ಮೇಲಕ್ಕೇರಿ ಮಣಿಕಟ್ಟು ಬರಿದಾಗಬಾರದು. ಬೆನ್ನು ಮೇಲಕ್ಕೆ ಸರಿದು ಸೊಂಟ ಕಾಣಬಾರದು. ಮತ್ತೊಬ್ಬರು ಮೊಳಕೈಯ ಪ್ಯಾಡನ್ನು ಹಿಡಿದು ತಿರುಚಿದರೆ ಅದು ಸ್ಥಳ ಬಿಟ್ಟು ಸುತ್ತಬಾರದು. ಸುತ್ತಿದರೆ ತೋಳಿನ ಪಟ್ಟಿಯನ್ನು ಬಿಗಿಮಾಡಿ ಮತ್ತೆ ನೋಡಬೇಕು. ಭುಜ, ಮೊಳಕೈಗಳ ಹೊಲಿಗೆಯು ಎರಡು ಮೂರು ಸಾಲಾಗಿರಬೇಕು. ರೇನ್‌ಕೋಟನ್ನು ಜಾಕೆಟ್ಟಿನ ಮೇಲೆಯೇ ತೊಟ್ಟು ಅಳತೆ ನೋಡತಕ್ಕದ್ದು.

ಬೆಲೆಯ ಮಾತು ಬಂದರೆ ಗೃಹಸ್ಥನ ಹುಬ್ಬು ಗಂಟಿಕ್ಕುವುದು ಸಹಜ. ಮೇಷ್ಟರ ಕೆಲಸದಲ್ಲಿ ಕಳೆದ ನನಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಉಡುಪಿಗೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಐದು ವರ್ಷ ಬಾಳಿ, ವರ್ಷಕ್ಕೆ ೨೫೦ ದಿನ ಬಳಕೆಯಾದರೆ ದಿನಕ್ಕೆ ಎಂಟು ರೂಪಾಯಿ ಬೀಳುವುದು. ಒಂದು ಲೋಟ ಕಾಫಿಯೂ ಹೋಟೆಲಿನಲ್ಲಿ ಆ ಬೆಲೆಗೆ ಸಿಕ್ಕದು. ಅದೇ ಉಡುಪನ್ನು ತಿಂಗಳಿಗೊಂದು ಭಾನುವಾರ ತೊಟ್ಟರೆ ಸಲವೊಂದಕ್ಕೆ ನೂರರವತ್ತು ರೂಪಾಯಿಗಿಂತ ಹೆಚ್ಚು! ಉಡುಪು ದುಬಾರಿಯಾಗುವುದು ಅಂಗಡಿಯಲ್ಲಲ್ಲ, ಗೂಟದ ಮೇಲೆ. ಹಣ ಸಾಲದವರು ಒಮ್ಮೆಗೇ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಹೆಲ್ಮೆಟ್ಟಿನ ಮೇಲೆ ಮೊದಲು ಕೈಗವಸು, ಆಮೇಲೆ 'ಎ' ತರಗತಿಯದಾದರೂ ಒಂದು ಜಾಕೆಟ್ಟು, ಮುಂದೆ ಮೊಣಕಾಲಿನ ಕಾಪು, ಕಣಕಾಲು ಮುಚ್ಚುವ ಬೂಟು. ಹೀಗೆ ಕ್ರಮವಾಗಿ ಕೂಡಿಸಬಹುದು.

ಕೊಂಡ ಮೇಲೆ ಆರೈಕೆಯೂ ಬೇಕು. ತಿಂಗಳಿಗೊಮ್ಮೆ ಪ್ಯಾಡುಗಳನ್ನು ತೆಗೆದು, ಮೃದುವಾದ ಸೋಪಿನ ನೀರಿನಲ್ಲಿ ಕೈಯಿಂದ ಒಗೆದು, ನೆರಳಿನಲ್ಲಿ ಹರವಬೇಕು. ಬಟ್ಟೆಯನ್ನು ಮೆದುಮಾಡುವ ದ್ರವಗಳನ್ನು ಹಾಕಬಾರದು. ನೀರು ಜಾರಿಸುವ ಲೇಪ ಅದರಿಂದ ಕೆಡುವುದು. ನೆನೆದ ರೇನ್‌ಕೋಟನ್ನು ಮಡಿಸಿ ಸೀಟಿನ ಕೆಳಗೆ ತುರುಕಿ ಮರೆತರೆ ಬೂಷ್ಟು ಹಿಡಿದು, ಒಳಲೇಪ ಕಿತ್ತುಬರುವುದು. ಒಮ್ಮೆ ಜೋರಾಗಿ ಬಿದ್ದು ಪೆಟ್ಟುತಿಂದ ಪ್ಯಾಡನ್ನು ಬದಲಿಸತಕ್ಕದ್ದು. ಅದು ತನ್ನ ಕೆಲಸವನ್ನು ಮುಗಿಸಿರುವುದು.

ವಾಚಕ ಮಹಾಶಯರೇ, ಎಷ್ಟು ಒಳ್ಳೆಯ ಉಡುಪೂ ಅಜಾಗರೂಕತೆಗೆ ಮದ್ದಲ್ಲ. ಎದುರಿನಿಂದ ಬರುವ ಲಾರಿಯನ್ನು ಯಾವ ಪ್ಯಾಡೂ ತಡೆಯದು. ನಿಧಾನವೂ ನಿಯಮಪಾಲನೆಯೂ ಮೊದಲ ಕವಚ. ಆದರೆ ನಾವು ಎಷ್ಟು ಜಾಗರೂಕರಾದರೂ ಮಳೆಯ ನೀರು ಗುಂಡಿಯನ್ನು ಮುಚ್ಚಿರುವುದು, ನಾಯಿ ಅಡ್ಡ ಬರುವುದು, ಮರಳು ಚೆಲ್ಲಿರುವುದು ನಮ್ಮ ಕೈಯಲ್ಲಿಲ್ಲ. ಅಂತಹ ಗಳಿಗೆಯಲ್ಲಿ ತರಚಿಕೊಂಡು ಎದ್ದು ಮನೆಗೆ ಬರುವುದಕ್ಕೂ ಆಸ್ಪತ್ರೆಗೆ ಹೋಗುವುದಕ್ಕೂ ನಡುವಣ ಅಂತರವು ಎಷ್ಟೋ ಸಲ ಒಂದು ಬಟ್ಟೆಯ ದಪ್ಪದಷ್ಟೇ. ಆದಕಾರಣ ಮನೆಯಲ್ಲಿ ಹಿರಿಯರಾದವರು ಸವಾರಿಯ ಉಡುಪನ್ನು ಬೀರುವಿನಲ್ಲಿಡಿಸದೆ, ವಾಹನದ ಬೀಗದ ಕೈಯನ್ನು ತೂಗುಹಾಕುವ ಜಾಗದಲ್ಲಿಯೇ ತೂಗುಹಾಕಿಸಲಿ. ಬೀಗದ ಕೈಗೆ ಕೈ ಚಾಚಿದವರಿಗೆ ಮೊದಲು ಅದು ಸಿಕ್ಕಲಿ. "ಜೋಪಾನವಾಗಿ ಹೋಗಿ ಬಾ" ಎಂಬ ಹರಕೆಯು ಆಗ ಅರ್ಧ ಫಲಿಸಿದಂತೆಯೇ.